ಕೂಲರಿನ ಒಣ ಮಗ್ಗುಲು

ರಾಯಚೂರಿನ ಬೇಸಿಗೆಯನ್ನು ಬೆಂಗಳೂರಿನವರಿಗೆ ವಿವರಿಸುವುದು ಕಷ್ಟ. ಉಷ್ಣಾಂಶ 40 ಡಿಗ್ರಿ ದಾಟಿದ ಮೇ ತಿಂಗಳ ಒಂದು ರಾತ್ರಿ, 78 ವರ್ಷದ ನಮ್ಮವ್ವ ಫೋನಿನಲ್ಲಿ ಹೇಳಿದಳು: “ಕೂಲರ್ ತಿರುಗ್ತದ, ಗಾಳಿನೂ ಬರ್ತದ, ತಂಪು ಬರವಲ್ದು.” ಮೋಟರು ಹೋಗಿದೆ, ಹೊಸ ಕೂಲರನ್ನೇ ಕೊಳ್ಳಿ ಎಂದು ಅಂಗಡಿಯವನು ಹೇಳಿದ್ದನಂತೆ. ಗಾಳಿ ಬರುತ್ತಿರುವಾಗ ಮೋಟರು ಹೋಗುವುದು ಹೇಗೆ ಎಂಬ ಸಂಶಯದಲ್ಲೇ ಊರಿನ ಬಸ್ಸು ಹತ್ತಿದೆ.

ಕೂಲರಿನ ಗುಟ್ಟು ಮಣ್ಣಿನ ಹರವಿಯ ಗುಟ್ಟೇ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 580 ಕಿಲೊ ಕ್ಯಾಲರಿ ಶಾಖ ಬೇಕು. ಅದನ್ನು ಗಾಳಿಯಿಂದ ಹೀರಿಕೊಳ್ಳುತ್ತದೆ. ಒಂದು ಮಗ್ಗುಲು ಒದ್ದೆಯಾಗದಿದ್ದರೆ ಬಿಸಿಗಾಳಿ ಅಲ್ಲಿಂದಲೇ ನುಗ್ಗಿ ಉಳಿದ ತಂಪನ್ನೂ ಕೆಡಿಸುತ್ತದೆ. ಪ್ಲಗ್ ಕಿತ್ತು ನೋಡಿದರೆ ಮೂರು ಪ್ಯಾಡುಗಳಲ್ಲಿ ಎಡಗಡೆಯದು ಕೈಗೆ ಒಣಗಿದ ಹುಲ್ಲಿನಂತೆ ಹತ್ತಿತು. ಪಂಪು ಸರಿಯಾಗಿಯೇ ನೀರೆತ್ತುತ್ತಿತ್ತು. ಆದರೆ ಮೇಲಿನ ದೋಣಿಯ ತೂತುಗಳಿಗೆ ಬಿಳಿ ಸುಣ್ಣ ಕಟ್ಟಿತ್ತು. ಸಾಲದ್ದಕ್ಕೆ, ಒಂದು ಕಾಲಿನ ಕೆಳಗಿನ ಇಟ್ಟಿಗೆ ಕುಸಿದು ಪೆಟ್ಟಿಗೆಯೇ ಬಲಕ್ಕೆ ವಾಲಿತ್ತು. ನೀರು ತಗ್ಗಿಗೆ ಹರಿಯದೆ ಇನ್ನೆಲ್ಲಿಗೆ ಹರಿದೀತು?

ಸುಣ್ಣ ಬಂದದ್ದು ಕೊಳವೆಬಾವಿಯ ಗಡಸು ನೀರಿನಿಂದ. ನೀರು ಹಾರಿಹೋಗುತ್ತದೆ, ಲವಣ ಉಳಿಯುತ್ತದೆ. 1985ರಲ್ಲಿ ಮೊದಲ ಘಟಕ ಆರಂಭವಾದ ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರವನ್ನು ಕಂಡವರು ನಾವು. ಉಷ್ಣ ಸ್ಥಾವರಗಳ ತಂಪು ಗೋಪುರಗಳಲ್ಲಿ ಲವಣ ಹೆಚ್ಚಿದಂತೆ ಹಳೆಯ ನೀರನ್ನು ಹೊರಬಿಡುತ್ತಾರೆ. ಮನೆಯಲ್ಲಿ ನಾವು ಮಾತ್ರ ಇಡೀ ಬೇಸಿಗೆ ಕೊಡದ ಮೇಲೆ ಕೊಡ ಸುರಿಯುತ್ತಲೇ ಇರುತ್ತೇವೆ. ವಾರಕ್ಕೆರಡು ಸಲ ತೊಟ್ಟಿ ಬರಿದು ಮಾಡಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ನಾನು ಸಣ್ಣ ಮೊಳೆಯಿಂದ ತೂತು ಬಿಡಿಸಿ, ನಿಂಬೆರಸದಲ್ಲಿ ದೋಣಿ ಉಜ್ಜಿ, ಹೊಸ ಇಟ್ಟಿಗೆ ಇಟ್ಟೆ.

ಮಾನ್ವಿಯ ಅಕ್ಕನ ಮನೆಯ ಕೂಲರಿನ ರೋಗ ಬೇರೆ. ಮೂರು ಕೋಣೆ ದಾಟಿ ಬಂದ ತೆಳ್ಳನೆಯ ತಂತಿಯಲ್ಲಿ ವೋಲ್ಟೇಜು ಕುಗ್ಗಿ ಪಂಪು ನೀರನ್ನು ಮೇಲಕ್ಕೆ ಮುಟ್ಟಿಸುತ್ತಿರಲಿಲ್ಲ. ದೇವದುರ್ಗದ ಸೋದರತ್ತೆಯಂತೂ ಬಿಸಿಲು ಒಳಗೆ ಬರದಿರಲೆಂದು ಎಲ್ಲ ಕಿಟಕಿ ಮುಚ್ಚಿ, ಕೂಲರನ್ನು ಕೋಣೆಯ ನಡುವೆ ಇಟ್ಟಿದ್ದಳು. ತೇವದ ಗಾಳಿಯೇ ಮತ್ತೆ ಮತ್ತೆ ಸುತ್ತಿ ಬೆವರು ಆರದಂತಾಗಿತ್ತು. ಕೂಲರು ಹೊರಗಿನ ಒಣಗಾಳಿಯನ್ನು ಎಳೆದುಕೊಳ್ಳಬೇಕು. ಎದುರಿನ ಕಿಟಕಿ ಅರೆಯಾದರೂ ತೆರೆದಿರಬೇಕು.

ಆದರೆ ನನ್ನ ಎದೆ ನಡುಗಿಸಿದ್ದು ತಂಪಿನ ಮಾತಲ್ಲ. ಅವ್ವನ ಕೂಲರಿನ ಪ್ಲಗ್ಗಿಗೆ ಮೂರು ಕಾಲುಗಳಿದ್ದವು. ಬಿಚ್ಚಿ ನೋಡಿದರೆ ಅರ್ಥಿಂಗ್ ತಂತಿಯನ್ನೇ ಜೋಡಿಸಿರಲಿಲ್ಲ. ತಗಡಿನ ಪೆಟ್ಟಿಗೆ, ಒದ್ದೆ ನೆಲ, ಬರಿಗಾಲು, ಸ್ವಿಚ್ಚು ಆರಿಸದೆ ನೀರು ಸುರಿಯುವ ರೂಢಿ! ಬೇಸಿಗೆಯಲ್ಲಿ ಕೂಲರ್ ಮುಟ್ಟಿ ಸತ್ತವರ ಸುದ್ದಿಯನ್ನು ಪತ್ರಿಕೆಯ ಮೂಲೆಯಲ್ಲಿ ಓದಿ ಪುಟ ಮಗುಚಿದವನು ನಾನೇ. ಅಂದೇ ಸಂಜೆ ಎಲೆಕ್ಟ್ರಿಷಿಯನ್‌ನನ್ನು ಕರೆಸಿ ಅರ್ಥಿಂಗ್ ಕೊಡಿಸಿ, ಸೋರುವಿಕೆಯಾದರೆ ತಾನೇ ಕಡಿತಗೊಳ್ಳುವ ಬ್ರೇಕರ್ ಹಾಕಿಸಿದೆ. ಹೊಸ ಕೂಲರಿನ ಬೆಲೆಯ ಮುಂದೆ ಆ ಖರ್ಚು ಏನೂ ಅಲ್ಲ.

ಆ ರಾತ್ರಿ ಬೆಳಗಿನ ಜಾವ ಅವ್ವ ಎದ್ದು ಹೊದಿಕೆ ಹುಡುಕಿದಳು. ಜೂನ್ ಕೊನೆಗೆ ಮತ್ತೆ ಫೋನ್ ಬಂತು, ತಂಪು ಬರವಲ್ದೆಂದು. ಹೊರಗೆ ಮಳೆ ಹಿಡಿದಿದೆಯೇ ಎಂದು ಕೇಳಿದೆ. ಹಿಡಿದಿತ್ತು. ಹಸಿ ಗಾಳಿಯಲ್ಲಿ ನೀರು ಆರದು. ನೀರು ನಿಲ್ಲಿಸಿ ಬರೀ ಫ್ಯಾನು ಹಾಕಿಕೋ ಎಂದೆ.