ಎಷ್ಟನೇ ಪುಟ ಮಾರಾಯ್ರೆ?

ಶಾರ್ಜಾದ ರೋಲಾ ಗೊತ್ತಿಲ್ಲದ ಕೊಲ್ಲಿ ಕನ್ನಡಿಗರು ಕಡಿಮೆ. ಅಗ್ಗದ ಬಟ್ಟೆ ಅಂಗಡಿ, ಊರಿಗೆ ಹಣ ಕಳಿಸುವ ಎಕ್ಸ್‌ಚೇಂಜ್, ಮೊಬೈಲ್ ರಿಪೇರಿ, ಪೇಪರ್ ಕಪ್ಪಿನಲ್ಲಿ ಕರಕ್ ಚಹಾ, ಎಲ್ಲ ಅಲ್ಲೇ. ಅಲ್ಲಿದ್ದ ಒಂದು ದೊಡ್ಡ ಆಲದ ಮರದಿಂದ ಆ ಜಾಗಕ್ಕೆ ಈ ಹೆಸರು ಬಂತಂತೆ. ಮರ ಈಗಿಲ್ಲ. ಆದರೂ ರಜೆಯ ಸಂಜೆ ಚೌಕದ ಹುಲ್ಲಿನ ಮೇಲೆ ಜನ ಕೂರುವ ರೀತಿ ನೋಡಿದರೆ ಊರಿನ ಅಶ್ವತ್ಥಕಟ್ಟೆಯೇ ನೆನಪಾಗುತ್ತದೆ.

ಅಲ್ಲಿ ಎರಡು ವಾರಕ್ಕೊಮ್ಮೆ ನಾವು ಕೆಲವರು ಸೇರುತ್ತೇವೆ. ಒಮ್ಮೆ ಆರು ಜನ, ಒಮ್ಮೆ ಹದಿನಾಲ್ಕು. ಭಟ್ಕಳದ ಒಬ್ಬ ಎ.ಸಿ. ಮೆಕ್ಯಾನಿಕ್, ಶಿರ್ವ ಕಡೆಯ ನರ್ಸ್, ರಾಯಚೂರಿನ ಸೇಫ್ಟಿ ಆಫೀಸರ್, ಬೈಂದೂರು ಕಡೆಯ ಸ್ಟೋರ್‌ಕೀಪರ್, ಲೆಕ್ಕಪತ್ರ ನೋಡುವ ನಾನು, ಹೀಗೆ. ಸಂಘಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ಶಾಲು ಹೊದಿಸುವ ಕಾರ್ಯಕ್ರಮವಂತೂ ಇಲ್ಲವೇ ಇಲ್ಲ. ಇರುವುದು ಒಂದೇ ಪ್ರಶ್ನೆ: ‘ಈಗ ಎಂತ ಓದ್ತಾ ಇದ್ದೀರಿ? ಎಷ್ಟನೇ ಪುಟ?’

ಓದಿ ಮುಗಿಸಿದ ಪುಸ್ತಕದ ಬಗ್ಗೆ ಭಾಷಣ ಮಾಡುವ ಹಾಗಿಲ್ಲ. ಈಗ ಕೈಯಲ್ಲಿರುವುದು ಯಾವುದು, ಎಲ್ಲಿಗೆ ಬಂದಿದ್ದೀರಿ, ಮುಂದೆ ಹೋಗಬೇಕು ಅನ್ನಿಸುತ್ತಿದೆಯೋ ಇಲ್ಲವೋ, ಇಷ್ಟೇ ಹೇಳಬೇಕು. ಓದಿಲ್ಲದಿದ್ದರೆ ‘ಓದಿಲ್ಲ’ ಎಂದು ಹೇಳಿ ಚಹಾ ಕುಡಿಯಬಹುದು. ಅದಕ್ಕೂ ನಾಚಿಕೆಪಡಬೇಕಾಗಿಲ್ಲ. ಈ ಮಾತನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಎಸ್.ಎಲ್. ಭೈರಪ್ಪನವರ ‘ಪರ್ವ’ ಓದುತ್ತಿದ್ದೇನೆಂದು ಏಳು ತಿಂಗಳು ಎಲ್ಲರ ಮುಂದೆ ಹೇಳಿದೆ. ಪುಟದ ಸಂಖ್ಯೆಯನ್ನು ಪ್ರತಿ ಸಲ ಇಪ್ಪತ್ತು ಇಪ್ಪತ್ತು ಏರಿಸುತ್ತ ಹೋದೆ. ಒಂದು ದಿನ ನರ್ಸಮ್ಮ, ‘ನೀವು ಹೇಳುವ ಪುಟದಲ್ಲಿ ಯಾರ ಕಥೆ ನಡೀತಿದೆ, ಕುಂತಿಯದ್ದಾ ದ್ರೌಪದಿಯದ್ದಾ?’ ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಯಾರೂ ಬೈಯಲಿಲ್ಲ, ನಕ್ಕರು ಅಷ್ಟೇ. ಆ ರಾತ್ರಿ ಮೊದಲ ಪುಟದಿಂದ ಶುರು ಮಾಡಿದೆ.

ಇದು ಹುಟ್ಟಿದ್ದು ಟ್ರಾಫಿಕ್‌ನಲ್ಲಿ. 2019ರಲ್ಲಿ ಶಾರ್ಜಾ ಯುನೆಸ್ಕೊದ ‘ಜಗತ್ತಿನ ಪುಸ್ತಕ ರಾಜಧಾನಿ’ ಆಗಿತ್ತು. ಅದೇ ವರ್ಷ ದುಬೈಯಿಂದ ಶಾರ್ಜಾಕ್ಕೆ ಬರುವ ಅಲ್ ಇತ್ತಿಹಾದ್ ರಸ್ತೆಯಲ್ಲಿ ನಾವು ನಾಲ್ವರು ಒಂದು ಕಾರಿನಲ್ಲಿ ದಿನಾ ಸಂಜೆ ಸಿಕ್ಕಿಹಾಕಿಕೊಳ್ಳುತ್ತಿದ್ದೆವು. ಆ ರಸ್ತೆಯ ಸಂಜೆ ಹೇಗಿರುತ್ತದೆ ಎಂದು ಇಲ್ಲಿದ್ದವರಿಗೆ ಹೇಳಬೇಕಿಲ್ಲ, ಊರಲ್ಲಿರುವವರಿಗೆ ಹೇಳಿದರೂ ಅರ್ಥವಾಗುವುದಿಲ್ಲ. ಒಂದು ದಿನ ಕಾರು ಓಡಿಸುತ್ತಿದ್ದವರು, ‘ಊರೇ ಪುಸ್ತಕದ ರಾಜಧಾನಿ ಆಯ್ತು, ನಾವು ನಾಲ್ಕು ಜನ ಎಂತ ಓದ್ತಿದ್ದೇವೆ?’ ಎಂದರು. ಮೂವರು ಸುಮ್ಮನಾದೆವು. ಹಿಂದೆ ಕುಳಿತಿದ್ದ ಸ್ಟೋರ್‌ಕೀಪರ್ ಮಾತ್ರ ಊಟದ ಚೀಲದಿಂದ ತೇಜಸ್ವಿಯವರ ‘ಕರ್ವಾಲೊ’ ತೆಗೆದು ತೋರಿಸಿದರು. ಎಷ್ಟನೇ ಪುಟ ಎಂದು ಕೇಳಿದ್ದು ಆಗಲೇ. ಮರುದಿನ ಮತ್ತೆ ಕೇಳಿದೆವು. ಮುಂದಿನ ವಾರ ಉಳಿದ ಮೂವರೂ ಏನಾದರೊಂದು ಹುಡುಕಿಕೊಂಡಿದ್ದೆವು. ಮೊದಮೊದಲು ಶುಕ್ರವಾರ ಕೂಡುತ್ತಿದ್ದೆವು. 2022ರಲ್ಲಿ ಇಲ್ಲಿನ ಸರ್ಕಾರಿ ವಾರದ ರಜೆಗೆ ಭಾನುವಾರವೂ ಸೇರಿದ ಮೇಲೆ ಭಾನುವಾರ ಸಂಜೆಗೆ ಬದಲಾಯಿಸಿಕೊಂಡೆವು. ವಾರಕ್ಕೆ ಒಂದೇ ರಜೆ ಇರುವವರಿಗೂ ಅದೇ ಅನುಕೂಲ.

ಪುಸ್ತಕ ಬರುವುದು ಹೇಗೆ ಎನ್ನುವುದೇ ಒಂದು ಕಥೆ. ನವೆಂಬರ್‌ನಲ್ಲಿ ಶಾರ್ಜಾ ಎಕ್ಸ್‌ಪೊ ಸೆಂಟರ್‌ನ ಪುಸ್ತಕ ಮೇಳಕ್ಕೆ ಹೋಗುತ್ತೇವೆ. ಅಲ್ಲಿ ಮಲಯಾಳ ಪುಸ್ತಕಗಳ ರಾಶಿಯನ್ನೂ ಅದರ ಮುಂದಿನ ಜನಸಂದಣಿಯನ್ನೂ ನೋಡಿ ಹೊಟ್ಟೆ ಉರಿಸಿಕೊಂಡು ಬರುತ್ತೇವೆ. ನಮ್ಮ ಕನ್ನಡ ಪುಸ್ತಕಗಳು ಬರುವುದು ಮಂಗಳೂರು ವಿಮಾನದಲ್ಲಿ, ಯಾರದೋ ಸೂಟ್‌ಕೇಸಿನಲ್ಲಿ. ಅಲ್ಲಿ 30 ಕೆ.ಜಿ. ಲೆಕ್ಕ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ತೆಂಗಿನೆಣ್ಣೆ, ಅಕ್ಕನ ಮಗನ ಸ್ನೇಹಿತನಿಗೆ ಕೊಡಬೇಕಾದ ಒಂದು ಪೊಟ್ಟಣ. ಇವೆಲ್ಲದರ ನಡುವೆ ಪುಸ್ತಕಕ್ಕೆ ಜಾಗ ಸಿಗಬೇಕು. ‘ಮೂಕಜ್ಜಿಯ ಕನಸುಗಳು’ ಅಂಗಿಗಳ ನಡುವೆ ಆರಾಮಾಗಿ ಬಂತು. ‘ಮಲೆಗಳಲ್ಲಿ ಮದುಮಗಳು’ ಎರಡು ಸಲ ವಿಮಾನ ನಿಲ್ದಾಣದಿಂದಲೇ ವಾಪಸು ಹೋಯಿತು. ತೂಕ ಜಾಸ್ತಿ ಎಂದಾಗ ಅಮ್ಮಂದಿರು ಉಪ್ಪಿನಕಾಯಿ ತೆಗೆಯುವುದಿಲ್ಲ, ಪುಸ್ತಕ ತೆಗೆಯುತ್ತಾರೆ. ಮೂರನೇ ಸಲ ರಾಯಚೂರಿನವರು ಅದನ್ನು ಕೈಯಲ್ಲೇ ಹಿಡಿದು ವಿಮಾನ ಹತ್ತಿದರು.

ಬಂದ ಪುಸ್ತಕ ಸುತ್ತುತ್ತದೆ. ಓದಿದವರು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಊರಿನ ಹೆಸರು, ಶುರು ಮಾಡಿದ ದಿನ, ಮುಗಿಸಿದ ದಿನ ಬರೆಯುತ್ತಾರೆ. ಅರ್ಧಕ್ಕೆ ಬಿಟ್ಟವರು ಬಿಟ್ಟ ಪುಟ ಬರೆಯಬೇಕು. ನಮ್ಮ ‘ಕರ್ವಾಲೊ’ದ ಹಿಂದಿನ ಹಾಳೆಯಲ್ಲಿ ಹತ್ತೊಂಬತ್ತು ಸಾಲುಗಳಿವೆ, ಯಾರೂ ಬಿಟ್ಟಿಲ್ಲ. ಅದನ್ನು ಭಟ್ಕಳದವರು ಓದಿದ್ದು ಬೇಸಿಗೆಯಲ್ಲಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3 ಗಂಟೆ ತನಕ ಬಿಸಿಲಲ್ಲಿ ಹೊರಗಿನ ಕೆಲಸ ಮಾಡಿಸಬಾರದೆಂದು ಇಲ್ಲಿ ಕಾನೂನಿದೆ. ಆ ಹೊತ್ತಿನಲ್ಲಿ ಉಳಿದವರು ನೆರಳಲ್ಲಿ ನಿದ್ದೆ ಮಾಡಿದರೆ, ಇವರು ದಿನಕ್ಕೆ ನಾಲ್ಕೈದು ಪುಟದಂತೆ ಮಲೆನಾಡಿನ ಕಾಡಿನಲ್ಲಿ ಹಾರುವ ಓತಿ ಹುಡುಕುತ್ತಿದ್ದರು. ‘ಹೊರಗೆ 46 ಡಿಗ್ರಿ, ಪುಸ್ತಕದೊಳಗೆ ಮಳೆ’ ಎಂದು ಹೇಳಿ ನಗುತ್ತಿದ್ದರು. ಅವರು ಕೊನೆಯ ಅಧ್ಯಾಯಕ್ಕೆ ಬರುವ ಮೊದಲೇ ಯಾರೋ ಉತ್ಸಾಹದಲ್ಲಿ ಓತಿಯ ಗತಿ ಏನಾಯಿತೆಂದು ಹೇಳಿಬಿಟ್ಟರು. ಅವರ ಮುಖ ಸಣ್ಣಗಾದದ್ದು ನೋಡಬೇಕಿತ್ತು. ಎದುರಿಗಿರುವವರು ಇರುವ ಪುಟ ದಾಟಿ ಮಾತಾಡಬಾರದು ಎಂಬ ನಮ್ಮ ಎರಡನೇ ನಿಯಮ ಅವತ್ತು ಬಂತು.

ಕಳೆದ ವರ್ಷ ಮೇ ಎಂದರೆ 2025ರ ಮೇ, ಬಾನು ಮುಷ್ತಾಕ್ ಅವರ ಕಥೆಗಳನ್ನು ದೀಪಾ ಭಾಸ್ತಿ ಅನುವಾದಿಸಿದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬುಕರ್ ಬಂದಾಗ ನರ್ಸಮ್ಮನ ವಾರ್ಡಿನಲ್ಲಿ ಅದೇ ಸುದ್ದಿ. ಅವರ ಜತೆ ಕೆಲಸ ಮಾಡುವ ಕೇರಳದ ಸಹೋದ್ಯೋಗಿ ಇಂಗ್ಲಿಷ್ ಪ್ರತಿ ಹಿಡಿದುಕೊಂಡು, ‘ಇದು ನಿನ್ನ ಭಾಷೆಯದ್ದಲ್ವಾ, ನೀನು ಎಲ್ಲಿದ್ದೀ?’ ಎಂದು ಕೇಳಿದರಂತೆ. ಇವರು ಓದಿರಲಿಲ್ಲ. ಊರಿಂದ ಕನ್ನಡದ ಕಥೆಗಳನ್ನು ತರಿಸಿಕೊಂಡರು. ಊಟದ ಬಿಡುವಿನಲ್ಲಿ ಇಬ್ಬರೂ ಒಂದೇ ಕಥೆಯನ್ನು ಎರಡು ಭಾಷೆಯಲ್ಲಿ ಓದಿ ಹೋಲಿಸುತ್ತಿದ್ದರು. ನಮ್ಮ ಕೂಟದಲ್ಲಿ ಅದರ ಬಗ್ಗೆ ಜೋರು ಚರ್ಚೆಯೂ ಆಯಿತು. ಗಂಡಸರು ಹೆಚ್ಚು ಮಾತಾಡಿದೆವು. ಕೊನೆಗೆ ನರ್ಸಮ್ಮ, ‘ನೀವೆಲ್ಲ ಎಷ್ಟನೇ ಪುಟದಲ್ಲಿದ್ದೀರಿ?’ ಎಂದರು. ಇಬ್ಬರನ್ನು ಬಿಟ್ಟು ಉಳಿದವರು ಪುಸ್ತಕ ತೆರೆದೇ ಇರಲಿಲ್ಲ.

ಇಷ್ಟೆಲ್ಲ ಬರೆಯಲು ಕಾರಣವಾದವರು ಮಾತ್ರ ಸ್ಟೋರ್‌ಕೀಪರ್. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಬೇಡ ಎಂದಿದ್ದಾರೆ.

ಅವರು ಇಲ್ಲಿಗೆ ಬಂದು ಹದಿನಾರು ವರ್ಷ. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಊರಿನಲ್ಲಿ. ದಿನಾ ರಾತ್ರಿ ಬೋಟಿಮ್‌ನಲ್ಲಿ ಕರೆ. ನಮಗಿಂತ ಊರಿನ ಗಡಿಯಾರ ಒಂದೂವರೆ ಗಂಟೆ ಮುಂದೆ. ಇವರು ಕೆಲಸ ಮುಗಿಸಿ ರೂಮಿಗೆ ಬಂದು ಸ್ನಾನ ಮಾಡಿ ಫೋನ್ ಹಿಡಿಯುವಾಗ ಅಲ್ಲಿ ಹೆಂಡತಿಗೆ ನಿದ್ದೆ. ‘ಊಟ ಆಯ್ತಾ? ಹಣ ಬಂತಾ? ಅಮ್ಮನ ಮಾತ್ರೆ ತಂದೆಯಾ? ಫೀಸು ಕಟ್ಟಿದೆಯಾ?’ ನಾಲ್ಕು ಪ್ರಶ್ನೆ, ನಾಲ್ಕು ಉತ್ತರ, ನಾಲ್ಕು ನಿಮಿಷ. ಈ ಪುಟ ಓದುವ ಮನೆಗಳಲ್ಲಿ ಇದನ್ನು ವಿವರಿಸಬೇಕಾಗಿಲ್ಲ. ಜಗಳವೂ ಇಲ್ಲ, ಬೇಸರವೂ ಇಲ್ಲ, ಆದರೆ ಐದನೇ ನಿಮಿಷಕ್ಕೆ ಮಾತು ಸಿಗುವುದಿಲ್ಲ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಸುತ್ತಿಗೆ ಬಂದಾಗ ಅದು ಅವರ ಕೈಗೆ ಹೋಯಿತು. ಕೋಡಿಯ ಕಡಲ ಕರೆಯ ಮನೆಯೊಂದರ ಮೂರು ತಲೆಮಾರಿನ ಕಥೆ. ಇವರ ಊರಿಂದ ಹೆಚ್ಚು ದೂರವೇನಲ್ಲ. ಒಂದು ರಾತ್ರಿ ಐದನೇ ನಿಮಿಷದಲ್ಲಿ ತೋಚದೆ, ‘ಇಂಥ ಪುಸ್ತಕ ಓದ್ತಿದ್ದೇನೆ, ಅದರಲ್ಲಿ ನಮ್ಮ ಕಡೆಯ ಮಾತೇ ಇದೆ’ ಎಂದರಂತೆ. ಹೆಂಡತಿ ಏನೂ ಹೇಳಲಿಲ್ಲ. ಹತ್ತು ದಿನ ಬಿಟ್ಟು ಅವರೇ, ‘ನೀವು ಎಷ್ಟನೇ ಪುಟದಲ್ಲಿದ್ದೀರಿ?’ ಎಂದು ಕೇಳಿದರು. ಗ್ರಂಥಾಲಯದಿಂದ ಅದೇ ಪುಸ್ತಕ ತಂದು, ಮಕ್ಕಳು ಮಲಗಿದ ಮೇಲೆ ಓದಲು ಶುರು ಮಾಡಿದ್ದರು! ಇಬ್ಬರದೂ ಬೇರೆ ಬೇರೆ ಮುದ್ರಣ, ಪುಟಗಳು ತಾಳೆಯಾಗುವುದಿಲ್ಲ. ಹಾಗಾಗಿ ಲೆಕ್ಕ ಬೇರೆಯಾಯಿತು. ‘ಲಚ್ಚನ ಮದುವೆ ಆಯ್ತಾ?’ ‘ಇಲ್ಲ, ನಿಮಗೆ ಆಯ್ತಾ?’

ಆ ಭಾನುವಾರ ಅವರು ಇದನ್ನು ಹೇಳಿದಾಗ ನಾವೆಲ್ಲ ಕಾಲೆಳೆದೆವು. ನಂತರದ ಕೂಟಗಳಲ್ಲಿ ಅವರ ಸರದಿ ಬಂದಾಗ ಎರಡು ಪುಟ ಹೇಳತೊಡಗಿದರು, ಒಂದು ತಮ್ಮದು, ಒಂದು ಹೆಂಡತಿಯದು. ಹೆಂಡತಿ ಯಾವಾಗಲೂ ಮುಂದೆ. ಇವರಿಗೆ ಪುಸ್ತಕದಲ್ಲಿ ಕಂಡದ್ದು ಲಚ್ಚ ದುಡ್ಡು ಹಾಳು ಮಾಡುವ ರೀತಿ, ಅವನ ಮಗ ರಾಮ ಮದ್ರಾಸು, ಮುಂಬಯಿಗಳಲ್ಲಿ ಅಲೆಯುವ ಕಷ್ಟ. ಹೆಂಡತಿಗೆ ಕಂಡದ್ದು ಪಾರೋತಿ, ಸರಸೋತಿಯರ ದುಡಿತ. ‘ಗಂಡಸರ ಹೆಸರಲ್ಲಿ ಕಥೆ ನಡೀತದೆ, ಮನೆ ನಡೆಸುವವರು ಇವರು’ ಎಂದರಂತೆ. ಆಮೇಲೆ ನಾಗವೇಣಿಯ ಭಾಗ ಬಂತು. ಗಂಡ ಎಲ್ಲೋ, ಹೆಂಡತಿ ಮಗನನ್ನು ಕಟ್ಟಿಕೊಂಡು ಊರಿನಲ್ಲಿ. ಆ ವಾರ ಎರಡು ದಿನ ಹೆಂಡತಿ ಪುಸ್ತಕದ ಮಾತೇ ಎತ್ತಲಿಲ್ಲ. ಮೂರನೇ ರಾತ್ರಿ ಹೇಳಿದ್ದು ಇಷ್ಟು: ‘ನೀವು ಲಚ್ಚನ ಹಾಗಲ್ಲ, ನನಗೆ ಗೊತ್ತು. ಆದರೆ ಮನೆಗೆ ಮೇಲಿನ ಮಾಳಿಗೆ ಬೇಡ. ಅದಕ್ಕಂತ ಇನ್ನೂ ಮೂರು ವರ್ಷ ಅಲ್ಲಿರ್ತೇನೆ ಅಂತ ಹೇಳ್ತೀರಿ, ನಾನು ಕೇಳಿದ್ದೇನಾ ಮಾಳಿಗೆ?’

ಮಾಳಿಗೆ ಕಟ್ಟಬೇಕೆಂದು ಹೆಂಡತಿಗೆ ಆಸೆ ಇದೆ ಎಂದು ಇವರು ಹದಿನಾರರಲ್ಲಿ ಐದು ವರ್ಷವಾದರೂ ನಂಬಿಕೊಂಡಿದ್ದರು. ಗಂಡನಿಗೆ ಆಸೆ ಇದೆ ಎಂದು ಅವರು ನಂಬಿಕೊಂಡಿದ್ದರು. ನಾಲ್ಕು ನಿಮಿಷದ ಕರೆಯಲ್ಲಿ ಈ ಮಾತು ಯಾವತ್ತೂ ಬಂದಿರಲಿಲ್ಲ. ಇದನ್ನು ಹೇಳಿ ಅವರು ಚಹಾದ ಲೋಟ ನೋಡುತ್ತ ಕುಳಿತರು. ನಾವೂ ಸುಮ್ಮನಿದ್ದೆವು. ನಮ್ಮಲ್ಲಿ ಮೂವರಿಗಾದರೂ ಊರಿನಲ್ಲಿ ಅರ್ಧ ಕಟ್ಟಿದ ಮಾಳಿಗೆ ಇದೆ.

ಊರಿನಲ್ಲಿ ಈ ಪುಟ ಓದುತ್ತಿರುವವರಿಗೆ ಒಂದು ಕೋರಿಕೆ. ಬರುವವರ ಕೈಯಲ್ಲಿ ಒಂದು ತೆಳ್ಳಗಿನ ಪುಸ್ತಕ ಕಳಿಸಿ, ಸಾಧ್ಯವಾದರೆ ಅದರದೇ ಇನ್ನೊಂದು ಪ್ರತಿ ನೀವು ಇಟ್ಟುಕೊಳ್ಳಿ. ದೊಡ್ಡ ಸಾಹಿತ್ಯವೇ ಆಗಬೇಕೆಂದಿಲ್ಲ. ತ್ರಿವೇಣಿ ಆದೀತು, ಪತ್ತೇದಾರಿ ಆದೀತು, ಮಕ್ಕಳ ಕಥೆಯೂ ಆದೀತು. ಓದಲು ಬಿಡುವಿಲ್ಲದ ಡ್ರೈವರುಗಳು ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಕಾದಂಬರಿ ಕೇಳುತ್ತಾರೆ. ಅವರ ಲೆಕ್ಕ ಪುಟದಲ್ಲಲ್ಲ, ನಿಮಿಷದಲ್ಲಿ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳ ಕನ್ನಡ ಓದು ಕುಂಟುತ್ತದೆ ಎಂಬುದು ನಿಜ. ನಮ್ಮ ಒಬ್ಬ ಸದಸ್ಯರ ಮಗಳು ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇಂಗ್ಲಿಷಿನಲ್ಲಿ ಓದುತ್ತಾಳೆ, ಅಪ್ಪ ಕನ್ನಡದಲ್ಲಿ. ಅವಳು ಮುಗಿಸಿ ಆಯಿತು, ಅಪ್ಪ ಇನ್ನೂ ಅರ್ಧದಲ್ಲಿದ್ದಾರೆ. ಎರಡನೇ ನಿಯಮವನ್ನು ಅವಳು ತುಂಬ ಕಷ್ಟಪಟ್ಟು ಪಾಲಿಸುತ್ತಿದ್ದಾಳೆ.

ಕಳೆದ ಕೂಟದಲ್ಲಿ ಸ್ಟೋರ್‌ಕೀಪರ್ ‘ಮರಳಿ ಮಣ್ಣಿಗೆ’ ಮುಗಿಸಿದ್ದಾಗಿ ಹೇಳಿದರು. ಕೊನೆಯ ಭಾಗವನ್ನು ಅವರು ಓದಲಿಲ್ಲ, ಹೆಂಡತಿ ಮೂರು ರಾತ್ರಿ ಫೋನಿನಲ್ಲಿ ಓದಿ ಹೇಳಿದರಂತೆ. ಬಳಿಕ ಒಂದು ಬೇಡಿಕೆ ಇಟ್ಟರು. ಮುಂದಿನ ತಿಂಗಳು ರಜೆಯಲ್ಲಿ ಊರಿಗೆ ಹೋಗುವಾಗ ನಮ್ಮ ಪ್ರತಿಯನ್ನು ಒಯ್ಯಬೇಕು. ಹಿಂದಿನ ಹಾಳೆಯಲ್ಲಿ ತನ್ನ ಹೆಸರು, ತಾರೀಕು ತಾನೇ ಬರೆಯಬೇಕೆಂದು ಹೆಂಡತಿ ಹಟ ಹಿಡಿದಿದ್ದಾರೆ. ಸುತ್ತಿನ ಪುಸ್ತಕ ದೇಶ ಬಿಟ್ಟು ಹೋಗಬಾರದೆಂದು ರಾಯಚೂರಿನವರು ತಕರಾರು ತೆಗೆದರು, ಎರಡು ವರ್ಷದ ಹಿಂದೆ ಹೀಗೇ ಹೋದ ಒಂದು ಪುಸ್ತಕ ಇನ್ನೂ ಬಂದಿಲ್ಲ. ಹತ್ತು ನಿಮಿಷ ವಾದವಾಗಿ ಕೊನೆಗೆ ಒಪ್ಪಿದೆವು. ವಾಪಸು ಬರುವ ಟಿಕೆಟ್ ಆಗಿದೆಯಾ ಎಂದು ಭಟ್ಕಳದವರು ಕೇಳಿದರು. ‘ಮೊದಲು ಹೋಗಿ ಬರ್ತೇನೆ, ಮತ್ತೆ ನೋಡುವ’ ಎಂದರು ಅವರು.

ಆಮೇಲೆ ನನ್ನ ಸರದಿ. ‘ಪರ್ವ’, 388ನೇ ಪುಟ. ಈ ಸಲ ನಿಜವಾಗಿ.