ಜೀವಮಾನದ ಎಣ್ಣೆ: ಯಾರ ಜೀವಮಾನ?

ತಾಳವಾಡಿ ಸೀಮೆಯವರಿಗೆ ಹೊರಗೆ ಹೋಗಲು ಮುಖ್ಯವಾಗಿ ಎರಡು ದಾರಿ. ಬಡಗಲಿಗೆ ಹೊರಟರೆ ಚಾಮರಾಜನಗರ. ದಾರಿಯೂ ಸಲೀಸು, ಮಾತೂ ನಮ್ಮದೇ. ತೆಂಕಲಿಗೆ ಹೊರಟರೆ ದಿಂಬಂ ಘಟ್ಟ, 27 ಕಡಿದಾದ ತಿರುವು, ಕೆಳಗೆ ಬಣ್ಣಾರಿ, ಅಲ್ಲಿಂದಾಚೆ ಸತ್ಯಮಂಗಲ. ಜಿಲ್ಲಾ ಕಚೇರಿ ಇರುವುದು ಈರೋಡಿನಲ್ಲಿ, ದೊಡ್ಡ ಆಸ್ಪತ್ರೆಗಳು ಕೊಯಮತ್ತೂರಿನಲ್ಲಿ. ಹಾಗಾಗಿ ಬೇಕಾಗಲಿ ಬೇಡವಾಗಲಿ ಘಟ್ಟ ಇಳಿಯಲೇಬೇಕು, ಇಳಿದವರು ಹತ್ತಲೇಬೇಕು. 2022ರ ಫೆಬ್ರುವರಿಯಲ್ಲಿ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಹುಲಿ ಸಂರಕ್ಷಿತ ಕಾಡಿನ ಈ ಹಾದಿಯಲ್ಲಿ ರಾತ್ರಿ ಸಂಚಾರಕ್ಕೆ ಕಡಿವಾಣ ಬಿದ್ದ ಮೇಲಂತೂ ಗಾಡಿ ನಡುದಾರಿಯಲ್ಲಿ ಕೈಕೊಡಬಾರದು ಎಂಬ ಎಚ್ಚರ ಇನ್ನೂ ಹೆಚ್ಚಾಗಿದೆ.

ಇಂಥ ಊರಿಗೆ ಈಗ ಆಟೋಮ್ಯಾಟಿಕ್ ಕಾರುಗಳು ಬಂದಿವೆ. ಶೋಕಿಗೆ ಬಂದದ್ದು ಕೆಲವು, ಅಗತ್ಯಕ್ಕೆ ಬಂದದ್ದು ಹಲವು. ನನ್ನ ಅಕ್ಕನ ಮಗನಿಗೆ ಬೈಕಿನಿಂದ ಬಿದ್ದು ಎಡಗಾಲ ಮಂಡಿ ಸರಿಯಾಗಿ ಮಡಚುವುದಿಲ್ಲ. ಕ್ಲಚ್ ತುಳಿಯುತ್ತಾ ಘಟ್ಟ ಹತ್ತುವುದು ಅವನಿಂದಾಗದು. ಅಕ್ಕನನ್ನು ತಿಂಗಳಿಗೆ ಎರಡು ಸಲ ಕೊಯಮತ್ತೂರಿಗೆ ಚಿಕಿತ್ಸೆಗೆ ಕರೆದೊಯ್ಯುವವನೂ ಅವನೇ. ಅದಕ್ಕೇ ಅರಿಸಿನ ಮಾರಿದ ದುಡ್ಡಿನಲ್ಲಿ ಹಳೆಯದೊಂದು ಆಟೋಮ್ಯಾಟಿಕ್ ಕಾರು ಕೊಂಡ. ಆಗಲೇ 1,10,000 ಕಿಲೋಮೀಟರ್ ಓಡಿದ್ದ ಗಾಡಿ. ಗೇರ್‌ಬಾಕ್ಸಿನ ಎಣ್ಣೆ ಯಾವಾಗ ಬದಲಾಯಿಸಿದ್ದಾರೆ ಎಂದು ಒಂದು ವರ್ಕ್‌ಶಾಪಿನಲ್ಲಿ ಕೇಳಿದರೆ ಬಂದ ಉತ್ತರ: "ಅದು ಸೀಲ್ಡ್ ಗೇರ್‌ಬಾಕ್ಸ್ ಸಾರ್, ಲೈಫ್‌ಟೈಮ್ ಆಯಿಲ್. ಮುಟ್ಟಂಗಿಲ್ಲ."

ಮನೆಗೆ ಬಂದವನೇ ಹುಡುಗ ನನ್ನನ್ನು ಕೇಳಿದ: "ಲೈಫ್‌ಟೈಮ್ ಅಂದ್ರ ಯಾರ್ ಲೈಫು ಮಾವ? ಕಾರಿಂದಾ, ವಾರಂಟಿದಾ?"

ಪ್ರಶ್ನೆ ಸರಿಯಾಗಿಯೇ ಇತ್ತು. ಅದರ ಉತ್ತರ ಹುಡುಕುತ್ತಾ ಹೋಗಿ ಕೊನೆಗೆ ನಮ್ಮ ಮನೆಯ ಅಂಗಳದಲ್ಲೇ ಆ ಎಣ್ಣೆ ಬದಲಾಯಿಸಿದೆವು. ಅಲ್ಲಿ ಕಂಡದ್ದು, ತಿಳಿದದ್ದು ಇಂಥದ್ದೇ ಗಾಡಿ ಇಟ್ಟುಕೊಂಡವರಿಗೆ ಉಪಯೋಗಕ್ಕೆ ಬಂದೀತೆಂದು ಬರೆಯುತ್ತಿದ್ದೇನೆ.

ಸೀಲ್ ಎಂದರೇನು?

ಹಳೆಯ ಆಟೋಮ್ಯಾಟಿಕ್ ಗಾಡಿಗಳಲ್ಲಿ ಬಾನೆಟ್ ಎತ್ತಿದರೆ ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು ಎಣ್ಣೆ ನೋಡುವ ಕಡ್ಡಿ ಇರುತ್ತಿತ್ತು. ಹೊಸ ಗಾಡಿಗಳಲ್ಲಿ ಎರಡನೆಯ ಕಡ್ಡಿಯನ್ನು ತೆಗೆದುಬಿಟ್ಟರು. ಸಿಕ್ಕಸಿಕ್ಕವರು ಸಿಕ್ಕಸಿಕ್ಕ ಎಣ್ಣೆ ಸುರಿಯಬಾರದು, ಧೂಳು ಹೋಗಬಾರದು ಎಂಬುದು ಉದ್ದೇಶ. 'ಸೀಲ್' ಎಂದರೆ ಇಷ್ಟೇ. ಡಬ್ಬಿಗೆ ಬೆಸುಗೆ ಹಾಕಿಲ್ಲ. ಕೆಳಗೆ ಎಣ್ಣೆ ಇಳಿಸುವ ಬೋಲ್ಟೂ ಇದೆ, ಪಕ್ಕದಲ್ಲಿ ತುಂಬುವ ಬೋಲ್ಟೂ ಇದೆ.

ಒಳಗಿನ ಎಣ್ಣೆಗಾದರೋ ಒಂದಲ್ಲ, ನಾಲ್ಕು ಕೆಲಸ. ಎಂಜಿನ್ನಿಗೂ ಗೇರಿಗೂ ನಡುವೆ ಟಾರ್ಕ್ ಕನ್ವರ್ಟರ್ ಎಂಬ ದುಂಡನೆಯ ಪಾತ್ರೆ ಇರುತ್ತದೆ. ಎರಡು ಟೇಬಲ್ ಫ್ಯಾನನ್ನು ಎದುರುಬದುರು ಇಟ್ಟು ಒಂದನ್ನು ಹಾಕಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಿಲ್ಲವೇ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಆ ಶಕ್ತಿಯನ್ನು ದಾಟಿಸುವುದು ಮೊದಲ ಕೆಲಸ. ಒತ್ತಡದಿಂದ ಕ್ಲಚ್ ಪ್ಲೇಟುಗಳನ್ನು ಹಿಡಿದು ಬಿಟ್ಟು ಗೇರ್ ಬದಲಿಸುವುದು ಎರಡನೆಯದು. ಹಲ್ಲುಚಕ್ರಗಳನ್ನು ನುಣುಪಾಗಿ ಇಡುವುದು ಮೂರನೆಯದು. ಹುಟ್ಟಿದ ಬಿಸಿಯನ್ನು ಹೊತ್ತು ಕೂಲರಿಗೆ ಒಯ್ಯುವುದು ನಾಲ್ಕನೆಯದು. ಘಟ್ಟ ಹತ್ತುವಾಗ ಕನ್ವರ್ಟರಿನೊಳಗೆ ಎಣ್ಣೆ ಜಾರಿ ಜಾರಿ ಕಾಯುತ್ತದೆ. ಕಾದಷ್ಟೂ ಅದರ ಆಯುಸ್ಸು ಕಮ್ಮಿ. ಪ್ಲೇಟು ಸವೆದ ಪುಡಿ, ಕಬ್ಬಿಣದ ಸಣ್ಣ ಚೂರು ಎಲ್ಲವೂ ಅದರಲ್ಲೇ ಸೇರುತ್ತವೆ. ಬೋಲ್ಟಿಗೆ ಸೀಲ್ ಹಾಕಬಹುದು, ಬಿಸಿಗೆ ಹಾಕಲಾದೀತೇ?

ಗೇರ್‌ಬಾಕ್ಸ್ ತಯಾರಿಸುವವರೇ ಏನನ್ನುತ್ತಾರೆ ನೋಡಿ. ಜರ್ಮನಿಯ ಜಡ್‌ಎಫ್ ಕಂಪನಿ ಹಲವು ದುಬಾರಿ ಕಾರುಗಳಿಗೆ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಮಾಡಿಕೊಡುತ್ತದೆ. ಆ ಕಾರುಗಳಲ್ಲಿ ಕೆಲವನ್ನು ಜೀವಮಾನದ ಎಣ್ಣೆ ಎಂದೇ ಮಾರುತ್ತಾರೆ. ಆದರೆ ಜಡ್‌ಎಫ್‌ನವರ ಸಲಹೆ, ಓಡಿಸುವ ರೀತಿಗೆ ತಕ್ಕಂತೆ 80,000ದಿಂದ 1,20,000 ಕಿಲೋಮೀಟರಿನೊಳಗೆ ಅಥವಾ 8 ವರ್ಷಕ್ಕೆ ಎಣ್ಣೆ ಬದಲಿಸಿ ಎಂದು. ಹುಡುಗನ ಪ್ರಶ್ನೆಗೆ ಇದರಲ್ಲೇ ಉತ್ತರವಿದೆ.

ಮೊದಲು ಗಾಡಿಯ ಜಾತಿ ತಿಳಿಯಿರಿ

ನಮ್ಮಲ್ಲಿ ಕ್ಲಚ್ ಪೆಡಲ್ ಇಲ್ಲದ್ದೆಲ್ಲ 'ಆಟೋಮ್ಯಾಟಿಕ್'. ಆದರೆ ಒಳಗೆ ಬೇರೆ ಬೇರೆ. 2014ರಲ್ಲಿ ಮಾರುತಿಯವರ ಸೆಲೆರಿಯೋ ಜೊತೆ ಬಂದು ಮನೆಮಾತಾದ ಎಎಂಟಿ ಎಂಬುದು ಮಾಮೂಲಿ ಗೇರ್‌ಬಾಕ್ಸೇ. ಕ್ಲಚ್ ತುಳಿದು ಗೇರ್ ಹಾಕುವ ಕೆಲಸವನ್ನು ಯಂತ್ರವೊಂದು ಮಾಡುತ್ತದೆ ಅಷ್ಟೆ. ಸಿವಿಟಿಯದ್ದು ಬೆಲ್ಟಿನ ಲೆಕ್ಕ, ಅದರ ಎಣ್ಣೆಯೇ ಬೇರೆ. ಎರಡು ಕ್ಲಚ್ಚಿನ ಡಿಸಿಟಿ ಇನ್ನೊಂದು ಬಗೆ. ನಾನು ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಗಾಡಿಯ ಮಾತು. ಅದರಲ್ಲೂ ಟೊಯೋಟಾದವರದ್ದು ಡಬ್ಲ್ಯುಎಸ್, ಹೋಂಡಾದವರದ್ದು ಡಿಡಬ್ಲ್ಯು-1, ಜನರಲ್ ಮೋಟಾರ್ಸಿನವರದ್ದು ಡೆಕ್ಸ್‌ರಾನ್-6 ಎಂದು ಒಬ್ಬೊಬ್ಬರದ್ದು ಒಂದೊಂದು ಎಣ್ಣೆ. ಬಣ್ಣ ಕೆಂಪಗಿದೆ ಎಂದು ಯಾವುದನ್ನೂ ಸುರಿಯುವಂತಿಲ್ಲ. ಬಣ್ಣ ಗುರುತಿಗೆ ಹಾಕಿದ್ದು, ಗುಣಕ್ಕಲ್ಲ. ಗಾಡಿಯ ಪುಸ್ತಕದಲ್ಲಿ ಏನು ಬರೆದಿದೆಯೋ ಅದೇ ಆಗಬೇಕು.

ಅಂಗಳದ ಕೆಲಸ

ನಮ್ಮೂರಿನ ಟ್ರ್ಯಾಕ್ಟರ್ ಮೇಸ್ತ್ರಿಯನ್ನು ಕರೆದೆವು. ಅವರು ಕೆಲಸ ಕಲಿತದ್ದು ಸತ್ಯಮಂಗಲದಲ್ಲಿ, ತಮಿಳಿನಲ್ಲಿ. ಗಾಡಿಯ ಪುಸ್ತಕ ಇಂಗ್ಲಿಷಿನಲ್ಲಿ. ಓದಿ ಹೇಳುವವನು ನನ್ನ ಅಳಿಯ. ಮಾತುಕತೆಯೆಲ್ಲ ಕನ್ನಡದಲ್ಲಿ. ಬೋಲ್ಟು, ವಾಷರ್ರು, ಜಾಕಿ ಮಾತ್ರ ಮೂರೂ ಭಾಷೆಯಲ್ಲಿ ಒಂದೇ. ನನ್ನ ಪಾಲಿಗೆ ಬಂದದ್ದು ಟಾರ್ಚು ಹಿಡಿಯುವುದು, ಎಣ್ಣೆ ಅಳೆಯುವುದು, ಬರೆದಿಡುವುದು.

ಬೆಳಿಗ್ಗೆ ಏಳಕ್ಕೇ ಶುರುಮಾಡಿದೆವು. ಯಾಕೆಂದು ಮುಂದೆ ಹೇಳುತ್ತೇನೆ. ಗಾರೆ ಕೆಲಸದವರ ರಸಮಟ್ಟ ತಂದು ಬಾಗಿಲ ಹೊಸ್ತಿಲ ಮೇಲಿಟ್ಟು, ಗಾಡಿ ಮುಂದಕ್ಕೂ ಹಿಂದಕ್ಕೂ ವಾಲದಂತೆ ನಾಲ್ಕು ಸ್ಟ್ಯಾಂಡಿನ ಮೇಲೆ ಸಮ ನಿಲ್ಲಿಸಿದೆವು. ಜಾಕಿಯೊಂದನ್ನೇ ನಂಬಿ ಗಾಡಿಯ ಅಡಿಗೆ ಹೋಗುವುದು ಪ್ರಾಣದ ಜೊತೆ ಆಟ. ಇಟ್ಟಿಗೆ, ಕಲ್ಲು ಕೊಟ್ಟು ಮಲಗುವುದೂ ಅಷ್ಟೇ ಅಪಾಯ.

ಕೆಳಗಿನ ಬೋಲ್ಟಿಗೆ ಅಳಿಯ ಕೈಹಾಕುತ್ತಿದ್ದಂತೆ ಮೇಸ್ತ್ರಿ ತಡೆದರು: "ತಡ್ಕಳಪ್ಪ, ಮೊದ್ಲು ತುಂಬೋ ಬೋಲ್ಟ್ ಬುಚ್ಚಿ ನೋಡನ. ಅದು ಬರ್ನಿಲ್ಲ ಅಂದ್ರ ಕೆಳಗಿಂದ ಮುಟ್ಟಂಗಿಲ್ಲ." ಇದಕ್ಕಿಂತ ಒಳ್ಳೆಯ ಬುದ್ಧಿಮಾತು ಈ ಕೆಲಸದಲ್ಲಿ ಇನ್ನೊಂದಿಲ್ಲ. ಎಣ್ಣೆಯೆಲ್ಲ ಇಳಿಸಿದ ಮೇಲೆ ತುಂಬುವ ಬೋಲ್ಟು ಕಚ್ಚಿಕೊಂಡು ಕೂತರೆ ಗಾಡಿ ನಿಂತಲ್ಲೇ ನಿಂತಿತು.

ನಮ್ಮ ಗಾಡಿಯಲ್ಲಿ ಎಣ್ಣೆ ಇಳಿಸುವ ಬೋಲ್ಟಿನ ತೂತಿನೊಳಗೆ ಮೇಲ್ಮುಖವಾಗಿ ಒಂದು ಗಿಡ್ಡ ಕೊಳವೆ ನಿಂತಿರುತ್ತದೆ. ಬೋಲ್ಟು ತೆಗೆದಾಗ ಕೊಳವೆಯ ತುದಿಗಿಂತ ಮೇಲಿದ್ದ ಎಣ್ಣೆ ಮಾತ್ರ ಬರುತ್ತದೆ. ಇಷ್ಟೇ ಇದ್ದದ್ದು ಎಂದುಕೊಳ್ಳಬಾರದು. ಅಲನ್ ಕೀ ಹಾಕಿ ಕೊಳವೆಯನ್ನೂ ಬಿಚ್ಚಿದರೆ ಉಳಿದದ್ದು ಇಳಿಯುತ್ತದೆ. ಇಳಿದದ್ದು ಕಪ್ಪುಗಟ್ಟಿತ್ತು, ಸುಟ್ಟ ವಾಸನೆ ಇರಲಿಲ್ಲ. "ಇನ್ನೂ ಬದುಕದ" ಎಂದರು ಮೇಸ್ತ್ರಿ. ಚೇಂಬರ್ ಕಳಚಿದಾಗ ಅದರ ತಳದ ಅಯಸ್ಕಾಂತಗಳ ಮೇಲೆ ಬೂದು ಬಣ್ಣದ ನುಣ್ಣನೆಯ ಕೆಸರು ಮೆತ್ತಿತ್ತು. ಅದು ಸಹಜ ಸವೆತ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕಿದ್ದರೆ ಚಿಂತೆ ಬೇರೆಯಾಗುತ್ತಿತ್ತು. ಒರೆಸಿ, ಫಿಲ್ಟರ್ ಬದಲಿಸಿ, ಹೊಸ ಗ್ಯಾಸ್ಕೆಟ್, ಹೊಸ ವಾಷರ್ ಕೊಟ್ಟು ಚೇಂಬರನ್ನು ಹದವಾಗಿ ಬಿಗಿದರು. ಒಳಗಿರುವುದು ಅಲ್ಯೂಮಿನಿಯಂ ಮರೆ. ಟ್ರ್ಯಾಕ್ಟರಿನ ಬಲ ಅಲ್ಲಿ ತೋರಿಸಿದರೆ ಹರಿದುಹೋಗುತ್ತದೆ.

ಇಳಿದ ಎಣ್ಣೆ ಅಳೆದೆ: 3 ಲೀಟರ್. ಕೊಳವೆಯನ್ನು ಮತ್ತೆ ಕೂರಿಸಿ, ಬೋಲ್ಟು ಹಾಕಿ, ಅಷ್ಟೇ ಹೊಸ ಎಣ್ಣೆ ಮತ್ತು ಇನ್ನೊಂದಿಷ್ಟನ್ನು ಪಕ್ಕದ ತೂತಿನಿಂದ ಕೈಪಂಪಿನಲ್ಲಿ ತುಂಬಿದೆವು.

ನಲವತ್ತು ಡಿಗ್ರಿಯ ಕಟ್ಟು

ಇಲ್ಲಿಗೆ ಮುಗಿಯಿತೆಂದು ಬಹಳ ಜನ ತಿಳಿಯುತ್ತಾರೆ. ನಿಜವಾದ ಕೆಲಸ ಇರುವುದೇ ಇಲ್ಲಿ. ಎಣ್ಣೆ ಕಾದರೆ ಹಿಗ್ಗುತ್ತದೆ. ಕಡ್ಡಿ ಇಲ್ಲದ ಡಬ್ಬಿಯಲ್ಲಿ ಮಟ್ಟ ತಿಳಿಯಬೇಕಾದರೆ, ಗೊತ್ತುಪಡಿಸಿದ ಬಿಸಿಯಲ್ಲಿ ಎಂಜಿನ್ ಓಡುತ್ತಿರುವಾಗಲೇ ಆ ಕೊಳವೆಯ ಬೋಲ್ಟು ತೆಗೆದು ನೋಡಬೇಕು. ನಮ್ಮ ಗಾಡಿಗೆ ಅದು 35ರಿಂದ 45 ಡಿಗ್ರಿ ಸೆಲ್ಸಿಯಸ್. ನಿಮ್ಮ ಗಾಡಿಗೆ ಬೇರೆ ಇದ್ದೀತು, ಪುಸ್ತಕ ನೋಡಿ.

ಅಳಿಯ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದು ಎಂಜಿನ್ ಹಾಕಿದ. ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್ ಎಂದು ಒಂದೊಂದರಲ್ಲೂ ಕೆಲವು ಸೆಕೆಂಡು ನಿಲ್ಲಿಸಿ ಎಣ್ಣೆಯನ್ನು ಎಲ್ಲ ಸಂದಿಗೂ ಓಡಿಸಿ ಮತ್ತೆ ಪಾರ್ಕಿಗೆ ತಂದ. ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿದ ಸಣ್ಣ ಸ್ಕ್ಯಾನರು ಅವನ ಮೊಬೈಲಿನಲ್ಲಿ ಎಣ್ಣೆಯ ಬಿಸಿ ತೋರಿಸುತ್ತಿತ್ತು. ಅವನು ಎಣಿಸುತ್ತಾ ಹೋದ: ಇಪ್ಪತ್ತೆಂಟು, ಮೂವತ್ತೆರಡು, ಮೂವತ್ತೆಂಟು. ಮೇಸ್ತ್ರಿ ಪಕ್ಕದಿಂದ ಕೈಚಾಚಿ ಬೋಲ್ಟು ತೆಗೆದರು. ಎಣ್ಣೆ ಧಾರೆಯಾಗಿ ಸುರಿದು, ನೂಲಾಗಿ, ಕೊನೆಗೆ ತೊಟ್ಟಿಕ್ಕತೊಡಗಿತು. "ಸಾಕು" ಎಂದು ಬಿಗಿದರು. ಅದೇ ಸರಿಯಾದ ಮಟ್ಟ.

ಎಣ್ಣೆ ತಣ್ಣಗಿರುವಾಗ ತೆಗೆದರೆ ಹೊರಬರಬೇಕಾದ್ದು ಒಳಗೇ ಉಳಿಯುತ್ತದೆ. ಜಾಸ್ತಿಯಾದ ಎಣ್ಣೆ ನೊರೆ ಏಳುತ್ತದೆ. ತೀರ ಕಾದಾಗ ತೆಗೆದರೆ ಇರಬೇಕಾದ್ದೂ ಹೊರಗೆ ಹೋಗಿ ಮಟ್ಟ ಇಳಿಯುತ್ತದೆ. ಪಂಪು ಗಾಳಿ ಹೀರಿ ಪ್ಲೇಟುಗಳು ಜಾರಿ ಸುಡುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಓಡಿಸಿ ತಂದ ಗಾಡಿ ಈ ಕಟ್ಟಿನೊಳಗೆ ಬರಲು ಗಂಟೆಗಟ್ಟಲೆ ಕಾಯಬೇಕು. ಘಟ್ಟದ ಮೇಲಿನ ನಮ್ಮ ತಂಪು ಬೆಳಗು ಒದಗಿದ್ದು ಇಲ್ಲೇ. ಸ್ಕ್ಯಾನರ್ ಇಲ್ಲದೆ, ಕೈಯಲ್ಲಿ ಮುಟ್ಟಿ ಅಂದಾಜಿನ ಮೇಲೆ ಈ ಕೆಲಸಕ್ಕೆ ಇಳಿಯಬೇಡಿ.

ಎಷ್ಟು ಬದಲಾಯಿತು?

ಇನ್ನೊಂದು ಸತ್ಯ. ಇಳಿದದ್ದು 3 ಲೀಟರ್. ಒಟ್ಟು ಹಿಡಿಯುವುದು 9 ಲೀಟರ್ ಎಂದುಕೊಳ್ಳಿ. ಉಳಿದ 6 ಲೀಟರ್ ಕನ್ವರ್ಟರಿನಲ್ಲಿ, ಕೂಲರಿನಲ್ಲಿ ಹಳೆಯದೇ. ಕೆಲವು ದಿನ ಓಡಿಸಿ ಇನ್ನೊಮ್ಮೆ 3 ಲೀಟರ್ ಬದಲಿಸಿದರೆ ಹಳೆಯದು 4 ಲೀಟರಿಗೆ ಇಳಿಯುತ್ತದೆ. ಮೂರನೆಯ ಸಲಕ್ಕೆ ಎರಡೂಮುಕ್ಕಾಲಿಗಿಂತ ಕಮ್ಮಿ. ಪ್ರತಿ ಸಲ ಚೇಂಬರ್ ಕಳಚಬೇಕಾಗಿಲ್ಲ, ಬೋಲ್ಟು ಸಾಕು. ನಾವು ಮೂರು ಸಲ ಎಂದು ತೀರ್ಮಾನಿಸಿ ಎರಡು ಮುಗಿಸಿದ್ದೇವೆ.

"ಹಳೇ ಗಾಡಿಗೆ ಹೊಸ ಎಣ್ಣೆ ಹಾಕುದ್ರ ಗೇರ್‌ಬಾಕ್ಸ್ ಹೋಯ್ತದ" ಎಂದು ಹೆದರಿಸುವವರು ಎಲ್ಲ ಊರಲ್ಲೂ ಉಂಟು. ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಗೇರ್ ಆಗಲೇ ಜಾರುತ್ತಿದ್ದು, ಎಣ್ಣೆ ಸುಟ್ಟ ನಾತ ಹೊಡೆಯುತ್ತಿದ್ದರೆ ಪ್ಲೇಟುಗಳು ಸವೆದಿವೆ ಎಂದೇ ಅರ್ಥ. ಹೊಸ ಎಣ್ಣೆ ಸವೆದ ಪ್ಲೇಟನ್ನು ಬೆಳೆಸಲಾರದು. ಕೊನೆಗಾಲದಲ್ಲಿ ಕರೆದ ವೈದ್ಯನ ಮೇಲೆ ಅಪವಾದ ಬರುವ ಹಾಗೆ ಎಣ್ಣೆಯ ಮೇಲೆ ಬರುತ್ತದೆ. ಆದ್ದರಿಂದ ಗಾಡಿ ನೆಟ್ಟಗಿರುವಾಗಲೇ ಬದಲಿಸುವುದು ಲೇಸು. ವಾರಂಟಿ ಇನ್ನೂ ಇರುವವರು ಮಾತ್ರ ಮನೆಯಲ್ಲಿ ಬಿಚ್ಚುವ ಗೋಜಿಗೆ ಹೋಗದೆ, ಕಂಪನಿಯ ವರ್ಕ್‌ಶಾಪಿನಲ್ಲೇ ಕೇಳಿ ಮಾಡಿಸುವುದು ಒಳ್ಳೆಯದು.

ಇಳಿಸಿದ ಕರಿ ಎಣ್ಣೆಯನ್ನು ಏನು ಮಾಡುವುದು? ಬೇಲಿಯ ಗೂಟಕ್ಕೆ ಗೆದ್ದಲು ಹಿಡಿಯದಂತೆ ಬಳಿಯಲು ಕೊಡಿ ಎಂದು ಪಕ್ಕದ ಹೊಲದವರು ಕೇಳಿದರು. ಕೊಡಲಿಲ್ಲ. ಮಳೆ ಬಂದರೆ ಅದು ಹರಿದು ಸೇರುವುದು ನಮ್ಮದೇ ಬಾವಿಗೆ, ಕಾಡಿನ ಹಳ್ಳಕ್ಕೆ. ಬಳಸಿದ ಎಣ್ಣೆ 2016ರ ಕೇಂದ್ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದು ಹೋಗಬೇಕಾದ್ದು ಪರವಾನಗಿ ಇರುವ ಸಂಸ್ಕರಣೆಯವರ ಕೈಗೆ. ಕ್ಯಾನಿನಲ್ಲಿ ತುಂಬಿ, ಬಳಸಿದ ಎಣ್ಣೆಯನ್ನು ಅಂಥವರಿಗೆ ಸಾಗಿಸುವ ಚಾಮರಾಜನಗರದ ಗ್ಯಾರೇಜೊಂದಕ್ಕೆ ಕೊಟ್ಟು ಬಂದೆವು.

ದಿನಾಂಕ, ಓಡಿದ ಕಿಲೋಮೀಟರ್, ಎಣ್ಣೆಯ ಹೆಸರು, ಇಳಿದದ್ದೆಷ್ಟು, ತುಂಬಿದ್ದೆಷ್ಟು, ಯಾವ ಬಿಸಿಯಲ್ಲಿ ಬೋಲ್ಟು ತೆಗೆದದ್ದು, ಇಷ್ಟನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗಾಡಿಯ ಪುಸ್ತಕದೊಳಗೆ ಅಂಟಿಸಿದ್ದೇನೆ. ಮೇಸ್ತ್ರಿ ತಮಗೂ ಒಂದು ಪ್ರತಿ ಬೇಕೆಂದು ಕೇಳಿದರು. ಅವರಿಗೆ ಓದಲು ಬರುವುದು ತಮಿಳು. ಅಳಿಯ ಪಕ್ಕದಲ್ಲಿ ಕೂತು ತಮಿಳಿನಲ್ಲಿ ಬರೆದುಕೊಟ್ಟ. ಆಗಲೇ ಊರಿನ ಇನ್ನಿಬ್ಬರು ತಮ್ಮ ಗಾಡಿ ತಂದು ಕೇಳಿ ಹೋಗಿದ್ದಾರೆ. ಮೇಸ್ತ್ರಿ ಅವರಿಗೆ ಹೇಳಿದ್ದು ಒಂದೇ ಮಾತು: "ಬೆಳಿಗ್ಗೆ ಏಳ್ಗಂಟೆಗ ಬನ್ನಿ, ಗಾಡಿ ತಣ್ಣಗಿರ್ಬೇಕು. ಪುಸ್ತಕ ಮರೀದೆ ತನ್ನಿ."