ಬೆಳೆಯುವ ಅಣೆಕಟ್ಟುಗಳು

ಅಣೆಕಟ್ಟೊಂದನ್ನು ಕಟ್ಟಿ ಮುಗಿಸಿದ ಮೇಲೆ ಅದು ಜಡವಸ್ತು, ಇನ್ನು ಅದರೊಳಗೆ ಯಾವ ವ್ಯಾಪಾರವೂ ನಡೆಯದು ಎಂದು ನಾವು ಭಾವಿಸುವುದುಂಟು. ನಿಜಸ್ಥಿತಿ ಹಾಗಿಲ್ಲ. ಕಾಂಕ್ರೀಟು ಗಟ್ಟಿಯಾಗುವುದು ಒಣಗುವುದರಿಂದಲ್ಲ. ಸಿಮೆಂಟು ನೀರಿನೊಡನೆ ಸಂಯೋಗ ಹೊಂದುವುದರಿಂದ. ಮೊದಲ ಕೆಲವು ವಾರಗಳು ಬಿರುಸಾಗಿ ನಡೆಯುವ ಈ ಕ್ರಿಯೆ ಅನಂತರ ವರ್ಷಗಟ್ಟಲೆ ಮಂದಗತಿಯಲ್ಲಿ ಸಾಗುತ್ತದೆ. ಆದುದರಿಂದ ಒಳ್ಳೆಯ ಕಾಂಕ್ರೀಟು ವಯಸ್ಸಾದಂತೆ ಇನ್ನಷ್ಟು ಬಲಿಯುವುದು. ಅಮೆರಿಕದ ಕೊಲೊರಾಡೊ ನದಿಗೆ ಅಡ್ಡಲಾಗಿ 1935ರಲ್ಲಿ ಕಟ್ಟಿ ಮುಗಿಸಿದ ಹೂವರ್ ಅಣೆಕಟ್ಟಿನಿಂದ 1995ರಲ್ಲಿ ಕೊರೆದು ತೆಗೆದ ತುಂಡುಗಳು ಇದಕ್ಕೆ ಸಾಕ್ಷಿ ನುಡಿದುವು.

ಅದೇ ನದಿಯ ಕೆಳಭಾಗದಲ್ಲಿರುವ, 1938ರಲ್ಲಿ ಮುಗಿದ ಪಾರ್ಕರ್ ಅಣೆಕಟ್ಟಿನ ಕಥೆ ಬೇರೆ. ಕೆಲವೇ ವರ್ಷಗಳಲ್ಲಿ ಅದರ ಮೈಮೇಲೆ ಬತ್ತಿದ ಕೆರೆಯ ಕೆಸರಿನಂತೆ ಬಿರುಕುಗಳ ಬಲೆ ಹರಡಿತು. ಭೂಕಂಪವಾಗಿರಲಿಲ್ಲ, ಹೊರೆಯೂ ಮಿತಿಮೀರಿರಲಿಲ್ಲ. ಶತ್ರು ಒಳಗೇ ಇದ್ದಿತು. ಥಾಮಸ್ ಸ್ಟ್ಯಾಂಟನ್ ಎಂಬ ಕ್ಯಾಲಿಫೋರ್ನಿಯದ ಇಂಜಿನಿಯರು 1940ರಲ್ಲಿ ಇಂಥ ಬಿರುಕುಗಳ ಮರ್ಮವನ್ನು ಪ್ರಕಟಿಸಿದನು.

ಸಿಮೆಂಟಿನಲ್ಲಿ ಸೋಡಿಯಂ, ಪೊಟ್ಯಾಸಿಯಂ ಕ್ಷಾರಗಳು ಅಲ್ಪ ಪ್ರಮಾಣದಲ್ಲಿ ಇರುತ್ತವೆ. ಇವು ಕಾಂಕ್ರೀಟಿನ ಸೂಕ್ಷ್ಮರಂಧ್ರಗಳ ನೀರಿನಲ್ಲಿ ಕರಗಿ ಜಲ್ಲಿಕಲ್ಲನ್ನು ಮುಟ್ಟುತ್ತವೆ. ಕಲ್ಲಿನಲ್ಲಿರುವ ಸಿಲಿಕಾ ಅಚ್ಚುಕಟ್ಟಾದ ಹರಳಿನ ರೂಪದಲ್ಲಿದ್ದರೆ ಭಯವಿಲ್ಲ. ಕೆಲವು ಜ್ವಾಲಾಮುಖಿ ಶಿಲೆಗಳಲ್ಲಿರುವಂತೆ ಗಾಜಿನಂಥ ಅವ್ಯವಸ್ಥಿತ ರೂಪದಲ್ಲಿದ್ದರೆ ಕ್ಷಾರವು ಅದನ್ನು ಕರಗಿಸಿ ಒಂದು ಬಗೆಯ ಲೋಳೆಯನ್ನು ಉಂಟುಮಾಡುತ್ತದೆ. ಈ ಲೋಳೆ ನೀರನ್ನು ಹೀರಿ, ನೆನೆಹಾಕಿದ ಕಡಲೆಯಂತೆ ಉಬ್ಬುತ್ತದೆ. ಉಬ್ಬಲು ಎಡೆಯಿಲ್ಲದೆ ಸುತ್ತಲಿನ ಕಲ್ಲನ್ನೂ ಗಾರೆಯನ್ನೂ ಸೀಳುತ್ತದೆ. ಅಣೆಕಟ್ಟಿನಲ್ಲಿ ನೀರಿಗೆ ಕೊರತೆಯೆಲ್ಲಿ?

ನಮ್ಮ ದೇಶದಲ್ಲಿಯೂ ಈ ವ್ಯಾಧಿ ತಲೆದೋರಿದೆ. ಒಡಿಶಾದ ಹಿರಾಕುಡ್ (1957), ಉತ್ತರ ಪ್ರದೇಶದ ರಿಹಂದ್ (1962) ಎರಡರಲ್ಲಿಯೂ ಅದನ್ನು ಗುರುತಿಸಲಾಗಿದೆ. ಇಲ್ಲಿಯ ಅಪರಾಧಿ ಗಾಜಿನಂಥ ಶಿಲೆಯಲ್ಲ. ಭೂಗರ್ಭದ ಒತ್ತಡಕ್ಕೆ ಸಿಕ್ಕಿ ಹರಳಿನ ರಚನೆ ಕದಡಿಹೋದ ಕ್ವಾರ್ಟ್ಸ್. ನೋಟಕ್ಕೆ ಅದು ಗಟ್ಟಿಮುಟ್ಟಾದ ಕಲ್ಲೇ. ಅದರ ಕೇಡು ತಿಳಿಯುವುದು ವರ್ಷಗಳು ಕಳೆದ ಮೇಲೆ. ರಿಹಂದ್‌ನ ವಿದ್ಯುದಾಗಾರದಲ್ಲಿ ಕಾಂಕ್ರೀಟು ಉಬ್ಬಿ ಯಂತ್ರಗಳ ಜೋಡಣೆಯೇ ಹದಗೆಟ್ಟಿತು.

ಹೊಸ ಕಟ್ಟಡಗಳಿಗೆ ರಕ್ಷೆಯುಂಟು. ಸಿಮೆಂಟಿನ ಕ್ಷಾರವನ್ನು ಶೇಕಡಾ 0.6ರೊಳಗೆ ಇಡಬಹುದು; ಇಲ್ಲವೆ ಹಾರುಬೂದಿಯನ್ನೋ ಸುಟ್ಟ ಜೇಡಿಯ ಪುಡಿಯನ್ನೋ ಬೆರೆಸಬಹುದು. ಆ ನುಣುಪಾದ ಪುಡಿಯಲ್ಲಿನ ಸಿಲಿಕಾ ಮೊದಲೇ ಕ್ಷಾರವನ್ನು ಹಂಚಿಕೊಂಡು, ಕಲ್ಲಿಗೆ ಉಳಿಯದಂತೆ ಮಾಡುತ್ತದೆ. ಸುಟ್ಟ ಜೇಡಿಯ ಪುಡಿಯೆಂದರೆ ನಮ್ಮ ಹಿರಿಯರ ಸುರ್ಕಿಯೇ. ಕನ್ನಂಬಾಡಿ ಅಣೆಕಟ್ಟನ್ನು ಕಟ್ಟಿದುದು ಕಾಂಕ್ರೀಟಿನಿಂದಲ್ಲ, ಸುರ್ಕಿಗಾರೆ ಸೇರಿಸಿದ ಕಲ್ಲಿನಿಂದ ಎಂಬುದನ್ನು ವಾಚಕರು ಬಲ್ಲರು.

ಒಮ್ಮೆ ರೋಗ ಹಿಡಿದ ಕಾಂಕ್ರೀಟಿನಿಂದ ಮಾತ್ರ ಕಲ್ಲನ್ನು ಹಿಂದಕ್ಕೆ ತೆಗೆಯಲಾಗದು. ಕೆನಡಾದಲ್ಲಿ ಸೇಂಟ್ ಜಾನ್ ನದಿಗೆ 1968ರಲ್ಲಿ ಕಟ್ಟಿದ ಮ್ಯಾಕ್ಟಕ್ವಾಕ್ ಅಣೆಕಟ್ಟು ಉಬ್ಬುತ್ತಿರುವುದು ಕಂಡುಬಂದಾಗ, ವಜ್ರದ ಹರಳು ಪೋಣಿಸಿದ ತಂತಿಯಿಂದ ಕಾಂಕ್ರೀಟನ್ನು ಮೇಲಿಂದ ಕೆಳಗೆ ಗರಗಸದಂತೆ ಕೊಯ್ದು, ಉಬ್ಬಲು ಎಡೆ ಮಾಡಿಕೊಟ್ಟರು. ವರ್ಷಗಳು ಕಳೆದಂತೆ ಆ ಸೀಳುಗಳು ತಾವಾಗಿಯೇ ಕಿರಿದಾಗುತ್ತ ಬಂದುವು. ಮತ್ತೆ ಕೊಯ್ಯಬೇಕಾಯಿತು.